ಅಮೀಗೊ ಗೊತ್ತು, ವಾಕ್ಯ ಮಾತ್ರ ಬರುತ್ತಿಲ್ಲ: ಸ್ಪ್ಯಾನಿಷ್ ‘ಗೆಳೆಯ’ನನ್ನು ದಿನದ ಮಾತಿಗೆ ತರುವ ಸಮಗ್ರ ಮಾರ್ಗದರ್ಶಿ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ದಿನವೇ ಸಿಗುವ ಪದ ‘ಅಮೀಗೊ’. ಎರಡು ತಿಂಗಳ ಮೇಲೆ ಅದೇ ಜನಕ್ಕೆ ‘ನಿನ್ನೆ ನನ್ನ ಗೆಳತಿಯನ್ನು ನೋಡಿದೆ’ ಅನ್ನುವುದನ್ನು ಹೇಳಿ ಎಂದರೆ ತಡವರಿಸುತ್ತಾರೆ. ಪದ ಮರೆತಿರುವುದಿಲ್ಲ. ಅದರ ಹಿಂದೆ ಮುಂದೆ ಬರಬೇಕಾದ ಎಸ್, ಉನ್, ದೆ, ಆ ಎಂಬ ಚಿಕ್ಕ ಚಿಕ್ಕ ಪದಗಳು ಬಿಟ್ಟುಹೋಗಿರುತ್ತವೆ, ಇಲ್ಲವೇ ತಪ್ಪು ಜಾಗದಲ್ಲಿ ಕೂತಿರುತ್ತವೆ. ಇವುಗಳಲ್ಲಿ ಕೆಲವು ಮಾಡುವ ಕೆಲಸವನ್ನು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ಉಳಿದವುಗಳ ಅಗತ್ಯವೇ ನಮಗಿಲ್ಲ. ಹಾಗಾಗಿ ಕನ್ನಡಿಗರು ಮಾಡುವ ತಪ್ಪುಗಳ ಪಟ್ಟಿಯೇ ಬೇರೆ. ಇಂಗ್ಲಿಷ್ ಬಲ್ಲವರಿಗೆಂದು ಬರೆದ ಪಾಠಗಳಲ್ಲಿ ಅವು ಸಿಗುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದು ಗಟ್ಟಿಯಾಗದೆ ಏಳನೆಯದಕ್ಕೆ ಹಾರಿದರೆ ಎರಡೂ ಕೆಡುತ್ತವೆ.

## ಬೇಕಾಗುವ ಸಾಮಗ್ರಿ

ಒಂದು ನೋಟ್‌ಬುಕ್, ಫೋನಿನ ವಾಯ್ಸ್ ರೆಕಾರ್ಡರ್, ಫೋನ್ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡ ಸ್ಪ್ಯಾನಿಷ್ ಕೀಬೋರ್ಡ್. ಇಷ್ಟು ಸಾಕು. ಸ್ಪ್ಯಾನಿಷ್‌ನಲ್ಲಿ ಪ್ರಶ್ನೆ ಮತ್ತು ಉದ್ಗಾರ ವಾಕ್ಯಗಳ ಆರಂಭದಲ್ಲೂ ತಲೆಕೆಳಗಾದ ಚಿಹ್ನೆ ಹಾಕಬೇಕು; ಬಹಳಷ್ಟು ಕೀಬೋರ್ಡ್‌ಗಳಲ್ಲಿ ಮಾಮೂಲಿ ಚಿಹ್ನೆಯನ್ನು ಒತ್ತಿ ಹಿಡಿದರೆ ಅದು ಸಿಗುತ್ತದೆ. ನಿಘಂಟು ಬೇಕೆನಿಸಿದರೆ ಸ್ಪ್ಯಾನಿಷ್ ಅಕಾಡೆಮಿಯದು ಅಂತರ್ಜಾಲದಲ್ಲಿ ಉಚಿತವಾಗಿದೆ.

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ‘ವಿ’ ಅಕ್ಷರಕ್ಕೆ ‘ಬ’ ಎಂದು ಬರೆದಿರುವುದು ಕೈತಪ್ಪಲ್ಲ. ಸ್ಪ್ಯಾನಿಷ್‌ನಲ್ಲಿ ‘ಬಿ’ ಮತ್ತು ‘ವಿ’ ಎರಡಕ್ಕೂ ಒಂದೇ ಉಚ್ಚಾರ. ‘ಸ’ ಎಂದು ಬರೆದ ಕೆಲವು ಕಡೆ ಸ್ಪೇನಿನ ಬಹುಭಾಗದವರು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಉಚ್ಚರಿಸುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ‘ಸ’ ಸರಿಯೇ. ನೋಟ್‌ಬುಕ್ಕಿನಲ್ಲಿ ಮಾತ್ರ ಮೂಲ ಕಾಗುಣಿತವನ್ನೇ ಬರೆದುಕೊಳ್ಳಿ.

## ಹಂತ 1: ಬಾಯಿ ಸರಿಮಾಡಿಕೊಳ್ಳಿ

ಒತ್ತು ನಡುವಿನ ‘ಮೀ’ ಮೇಲೆ: ಅ-ಮೀ-ಗೊ. ಕೊನೆಯ ಸ್ವರ ನಮ್ಮ ‘ಗೊಂಬೆ’ಯಲ್ಲಿರುವ ‘ಗೊ’. ಇಂಗ್ಲಿಷ್ ಸಿನಿಮಾ ನೋಡಿ ಕಲಿತವರು ‘ಅಮಿಗೋವ್’ ಎಂದು ಎಳೆಯುತ್ತಾರೆ; ಎಳೆಯಬೇಡಿ. ಎರಡು ಸ್ವರಗಳ ನಡುವಿನ ‘ಗ’ ಮೆತ್ತಗಿರುತ್ತದೆ, ನಾಲಿಗೆಯ ಹಿಂಭಾಗ ಅಂಗಳಕ್ಕೆ ಪೂರ್ತಿ ಅಂಟುವುದಿಲ್ಲ. ಗಟ್ಟಿಯಾಗಿ ‘ಗ’ ಅಂದರೂ ಅರ್ಥವಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

‘ತ’ ಮತ್ತು ‘ದ’ ಕನ್ನಡಿಗರಿಗೆ ಪುಕ್ಕಟೆಯಾಗಿ ಸಿಕ್ಕಿವೆ. ಸ್ಪ್ಯಾನಿಷ್‌ನ ‘ದೆ’, ‘ತು’ ನಮ್ಮ ಹಲ್ಲಿನ ‘ದ’, ‘ತ’ಗಳೇ. ಆದರೂ ಇಂಗ್ಲಿಷ್ ಅಕ್ಷರ ಕಂಡ ತಕ್ಷಣ ‘ಡೆ’, ‘ಟು’ ಎಂದು ಓದುವವರೇ ಹೆಚ್ಚು.

ಕಿವಿಗೂ ಒಂದು ಪಾಠವಿದೆ. ಮಾತಿನ ವೇಗದಲ್ಲಿ ಪದಗಳು ಸಂಧಿಯಾಗುತ್ತವೆ. ‘ಉನ್ ಅಮೀಗೊ’ ಎಂಬುದು ‘ಉನಮೀಗೊ’ ಎಂದು, ‘ಮಿಸ್ ಅಮೀಗೊಸ್’ ಎಂಬುದು ‘ಮಿಸಮೀಗೊಸ್’ ಎಂದು, ‘ಮಿ ಅಮೀಗೊ’ ಎಂಬುದು ಹೆಚ್ಚುಕಡಿಮೆ ‘ಮ್ಯಮೀಗೊ’ ಎಂದು ಕೇಳಿಸುತ್ತದೆ. ಯಣ್ ಸಂಧಿ ಕಲಿತವರು ಕೊನೆಯದಕ್ಕೆ ಬೆರಗಾಗಬೇಕಿಲ್ಲ. ಈ ಮೂರನ್ನೂ ಬಿಡಿಸಿ ಒಮ್ಮೆ, ಸೇರಿಸಿ ಒಮ್ಮೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಕೇಳುವಾಗ ‘ಮೀ’ ಎದ್ದು ಕೇಳಿಸದಿದ್ದರೆ ಮತ್ತೆ ಹೇಳಿ.

## ಹಂತ 2: ನಾಲ್ಕು ರೂಪ, ಒಂದೇ ಉಸಿರಿನಲ್ಲಿ

ಅಮೀಗೊ (ಗೆಳೆಯ), ಅಮೀಗಾ (ಗೆಳತಿ), ಅಮೀಗೊಸ್ (ಗೆಳೆಯರು), ಅಮೀಗಾಸ್ (ಗೆಳತಿಯರು). ಗಂಡು ಹೆಣ್ಣು ಕೂಡಿದ ಗುಂಪಾದರೆ ಅಮೀಗೊಸ್. ಐವರಲ್ಲಿ ನಾಲ್ವರು ಹೆಂಗಸರಿದ್ದರೂ ವ್ಯಾಕರಣ ಅಮೀಗೊಸ್ ಎಂದೇ ಹೇಳುತ್ತದೆ. ಭಾಷಣ, ಪತ್ರಗಳಲ್ಲಿ ‘ಅಮೀಗಾಸ್ ಇ ಅಮೀಗೊಸ್’ ಎಂದು ಎರಡನ್ನೂ ಹೇಳುವುದುಂಟು. ‘ಒ’ ಬದಲು (‘ಎ’ ಎಂದು ಉಚ್ಚರಿಸುವ) ಇಂಗ್ಲಿಷಿನ ‘ಇ’ ಅಕ್ಷರ ಅಥವಾ ಇಮೇಲ್ ವಿಳಾಸದ ‘ಅಟ್’ ಚಿಹ್ನೆ ಹಾಕಿ ಬರೆದದ್ದು ಕಂಡರೆ ಗಾಬರಿಯಾಗಬೇಡಿ. ಲಿಂಗಭೇದ ಬೇಡವೆನ್ನುವವರ ಬರವಣಿಗೆ ಅದು, ಅಕಾಡೆಮಿ ಅದನ್ನು ಒಪ್ಪಿಲ್ಲ. ಪರೀಕ್ಷೆಯಲ್ಲಿ ಬರೆಯಬೇಡಿ.

ಇಲ್ಲಿ ಎಡವುವುದು ನಮ್ಮ ‘ಫ್ರೆಂಡ್’ನಿಂದ. ‘ನನ್ನ ಫ್ರೆಂಡ್ ಬಂದಿದ್ದಳು’, ‘ನನ್ನ ಫ್ರೆಂಡ್ ಬಂದಿದ್ದ’ — ಕನ್ನಡದಲ್ಲಿ ಲಿಂಗ ಕೊನೆಗೆ, ಕ್ರಿಯಾಪದದಲ್ಲಿ ಬಯಲಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದಕ್ಕೆ ಲಿಂಗವಿಲ್ಲ, ನಾಮಪದಕ್ಕಿದೆ. ಹಾಗಾಗಿ ಬಾಯಿ ತೆರೆಯುವ ಮೊದಲೇ ಅವನೋ ಅವಳೋ ಎಂದು ನಿರ್ಧರಿಸಿರಬೇಕು. ಸುಮಾಳ ಬಗ್ಗೆ ಹೇಳುತ್ತಾ ‘ಮಿ ಅಮೀಗೊ’ ಎಂದಿರೋ, ಕೇಳುವವರ ತಲೆಯಲ್ಲಿ ಆಗಲೇ ಒಬ್ಬ ಗಂಡಸು ಬಂದು ಕೂತಿರುತ್ತಾನೆ.

‘ಪುಟ್ಟ ಗೆಳೆಯ’ ಎನ್ನಲು ಅಮಿಗೀತೊ, ಅಮಿಗೀತಾ. ಬರೆಯುವಾಗ ‘ಜಿ’ ಆದ ಮೇಲೆ ಒಂದು ‘ಯು’ ಸೇರಿಸಿ, ಅದನ್ನು ಉಚ್ಚರಿಸುವುದಿಲ್ಲ. ಬಿಟ್ಟರೆ ‘ಗೀ’ ಹೋಗಿ ಗಂಟಲಿನ ‘ಹೀ’ ಆಗುತ್ತದೆ.

## ಹಂತ 3: ಒಂಟಿಯಾಗಿ ಬಿಡಬೇಡಿ

‘ಅಮೀಗೊ’ ಮಾತಿನಲ್ಲಿ ಒಂಟಿಯಾಗಿ ಬರುವುದು ಕಡಿಮೆ. ಮುಂದೆ ಒಂದು ಕಾವಲುಪದ ಇರುತ್ತದೆ: ಉನ್/ಉನಾ (ಒಬ್ಬ/ಒಬ್ಬಳು), ಎಲ್/ಲಾ (ಆ, ನಾವಿಬ್ಬರೂ ಬಲ್ಲ), ಉನೊಸ್/ಉನಾಸ್ (ಕೆಲವರು), ಲೊಸ್/ಲಾಸ್ (ಎಲ್/ಲಾಗಳ ಬಹುವಚನ), ಅಥವಾ ಮಿ (ನನ್ನ), ತು (ನಿನ್ನ), ಸು (ಅವನ, ಅವಳ, ಅವರ, ನಿಮ್ಮ). ಕನ್ನಡದಲ್ಲಿ ಆರ್ಟಿಕಲ್ ಇಲ್ಲದ ಕಾರಣ ಇದೇ ಮೊದಲು ಬಿಟ್ಟುಹೋಗುವುದು.

‘ಮಿ’ಗೆ ಲಿಂಗವಿಲ್ಲ, ವಚನವಿದೆ: ಮಿ ಅಮೀಗೊ, ಮಿ ಅಮೀಗಾ, ಮಿಸ್ ಅಮೀಗೊಸ್, ಮಿಸ್ ಅಮೀಗಾಸ್. ತು/ತುಸ್, ಸು/ಸುಸ್ ಕೂಡ ಹಾಗೆಯೇ. ‘ನಮ್ಮ’ ಎನ್ನುವುದಕ್ಕೆ ಮಾತ್ರ ಲಿಂಗವೂ ಇದೆ: ನ್ವೆಸ್ತ್ರೊ ಅಮೀಗೊ, ನ್ವೆಸ್ತ್ರಾ ಅಮೀಗಾ.

ಈ ನ್ವೆಸ್ತ್ರೊ ಒಂದು ಗುಂಡಿ. ಕನ್ನಡದಲ್ಲಿ ಒಬ್ಬರೇ ಮಾತಾಡುವಾಗಲೂ ‘ನಮ್ಮ ಫ್ರೆಂಡ್ ಒಬ್ಬ ಇದ್ದಾನೆ’ ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ‘ನ್ವೆಸ್ತ್ರೊ ಅಮೀಗೊ’ ಎಂದರೆ ಆ ಗೆಳೆಯ ನಿಮಗೂ ನಿಮ್ಮ ಜೊತೆಯವರಿಗೂ ಸೇರಿದವನು. ಎದುರಿಗಿರುವವರು ‘ಯಾರು ಯಾರಿಗೆ?’ ಎಂದು ನೋಡುತ್ತಾರೆ. ನಿಮ್ಮೊಬ್ಬರವನಾದರೆ ‘ಮಿ’.

‘ನನ್ನ ಗೆಳೆಯನೊಬ್ಬ’ ಎನ್ನಬೇಕಾದಾಗ ‘ಉನ್ ಮಿ ಅಮೀಗೊ’ ಎಂದು ಎರಡು ಕಾವಲುಪದ ಹಾಕುವಂತಿಲ್ಲ. ‘ಉನ್ ಅಮೀಗೊ ಮೀಯೊ’, ಗೆಳತಿಯಾದರೆ ‘ಉನಾ ಅಮೀಗಾ ಮೀಯಾ’. ಮಾತಿನ ನಡುವೆ ಹೊಸಬರನ್ನು ಮೊದಲ ಸಲ ಪ್ರಸ್ತಾಪಿಸುವಾಗ ಇದೇ ಸಹಜ. ‘ಮಿ ಅಮೀಗೊ’ ಎಂದರೆ ಕೇಳುವವರಿಗೆ ಅವನು ಯಾರೆಂದು ಗೊತ್ತಿರಬೇಕು, ಇಲ್ಲವೇ ಹಿಂದೆಯೇ ಹೆಸರು ಬರಬೇಕು: ಮಿ ಅಮೀಗೊ ಕಾರ್ಲೊಸ್.

ಒಂದಿಷ್ಟು ವ್ಯಾಕರಣ ಓದಿಕೊಂಡವರು ಮಾಡುವ ತಪ್ಪು ‘ಎಲ್ ಅಮೀಗಾ’. ನೀರಿಗೆ ‘ಎಲ್ ಆಗ್ವಾ’ ಎನ್ನುತ್ತಾರಲ್ಲ, ಅದರಂತೆ ಎಂದುಕೊಂಡಿರುತ್ತಾರೆ. ಆ ನಿಯಮ ಮೊದಲ ‘ಆ’ ಮೇಲೆಯೇ ಒತ್ತು ಬೀಳುವ ಪದಗಳಿಗೆ ಮಾತ್ರ. ಅಮೀಗಾದಲ್ಲಿ ಒತ್ತು ‘ಮೀ’ ಮೇಲಿದೆ, ಹಾಗಾಗಿ ಲಾ ಅಮೀಗಾ, ಉನಾ ಅಮೀಗಾ.

## ಹಂತ 4: ‘ಎಸ್’ ಇಲ್ಲದೆ ವಾಕ್ಯವಿಲ್ಲ

‘ಅವನು ನನ್ನ ಗೆಳೆಯ.’ ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೇ ವಾಕ್ಯ ಮುಗಿಯಿತು. ಅದನ್ನೇ ‘ಎಲ್ ಮಿ ಅಮೀಗೊ’ (ಇಲ್ಲಿನ ‘ಎಲ್’ ಎಂದರೆ ‘ಅವನು’) ಎಂದು ಸ್ಪ್ಯಾನಿಷ್‌ಗೆ ಇಳಿಸಿದರೆ ಕೇಳುವವರು ಇನ್ನೇನೋ ಬರುತ್ತದೆ ಎಂದು ಕಾಯುತ್ತಾರೆ. ನೀವು ಮಾತು ಮುಗಿಸಿದ ಮೇಲೂ ಎದುರಿನವರು ತಲೆಯಾಡಿಸದೆ ಕಾಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಈ ಬಿಟ್ಟುಹೋದ ಕ್ರಿಯಾಪದವನ್ನು.

ಸರಿಯಾದದ್ದು: ಎಸ್ ಮಿ ಅಮೀಗೊ. ಕನ್ನಡದಂತೆ ಇಲ್ಲೂ ‘ಅವನು’ ಎನ್ನುವುದನ್ನು ಬಿಡಬಹುದು; ಬಿಡಲಾಗದ್ದು ‘ಎಸ್’. ಉಳಿದವು: ಸೊಯ್ ತು ಅಮೀಗೊ (ನಾನು ನಿನ್ನ ಗೆಳೆಯ), ಎರೆಸ್ ಮಿ ಅಮೀಗಾ (ನೀನು ನನ್ನ ಗೆಳತಿ), ಸೊಮೊಸ್ ಅಮೀಗೊಸ್ (ನಾವು ಗೆಳೆಯರು), ಸೊನ್ ಅಮೀಗಾಸ್ (ಅವರು ಗೆಳತಿಯರು). ಅರ್ಜೆಂಟೀನಾ, ಉರುಗ್ವೆ ಕಡೆ ‘ನೀನು’ ಎನ್ನುವುದಕ್ಕೆ ‘ಬೊಸ್’. ಅಲ್ಲಿ ‘ಬೊಸ್ ಸೊಸ್ ಮಿ ಅಮೀಗೊ’ ಎಂದು ಕೇಳುತ್ತೀರಿ.

ಇನ್ನೊಂದು ಗುಂಡಿ ಗೌರವ ಬಹುವಚನದ್ದು. ಹಿರಿಯ ಸ್ನೇಹಿತರೊಬ್ಬರನ್ನು ತೋರಿಸಿ ‘ಇವರು ನನ್ನ ಸ್ನೇಹಿತರು’ ಎನ್ನುವುದು ನಮ್ಮ ಮರ್ಯಾದೆ. ಅದನ್ನು ‘ಸೊನ್ ಮಿಸ್ ಅಮೀಗೊಸ್’ ಎಂದರೆ ಎದುರಿನವರು ಉಳಿದವರು ಎಲ್ಲಿ ಎಂದು ಆಚೀಚೆ ನೋಡುತ್ತಾರೆ. ಎಪ್ಪತ್ತು ವರ್ಷದವರಾದರೂ ಒಬ್ಬರಾದರೆ ‘ಎಸ್ ಮಿ ಅಮೀಗೊ’. ಗೌರವ ಬೇಕಿದ್ದರೆ ಅವರೊಡನೆ ಮಾತಾಡುವಾಗ ‘ಉಸ್ತೆದ್’ ಬಳಸಿ. ನಮ್ಮ ‘ನೀವು’ ಇದ್ದಂತೆ, ಆದರೆ ಅದರ ಕ್ರಿಯಾಪದ ಏಕವಚನದಲ್ಲಿರುತ್ತದೆ.

‘ಇರು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದ. ಯಾರು ಎಂಬುದಕ್ಕೆ ಎಸ್, ಎಲ್ಲಿ ಅಥವಾ ಯಾರ ಜೊತೆ ಎಂಬುದಕ್ಕೆ ಎಸ್ತಾ. ಮಿ ಅಮೀಗೊ ಎಸ್ತಾ ಎನ್ ಕಾಸಾ (ನನ್ನ ಗೆಳೆಯ ಮನೆಯಲ್ಲಿದ್ದಾನೆ), ಎಸ್ತೊಯ್ ಕೊನ್ ಮಿಸ್ ಅಮೀಗೊಸ್ (ಗೆಳೆಯರ ಜೊತೆ ಇದ್ದೇನೆ). ಕನ್ನಡದಲ್ಲಿ ‘ಇದ್ದಾನೆ’, ‘ಇದ್ದೇನೆ’ ಬಾಯಿಗೆ ಬರುವ ಇಂಥ ಕಡೆಗಳಲ್ಲಿ ಎಸ್ತಾ ಬಗೆಯದು, ಏನೂ ಬರದ ಕಡೆ ಎಸ್ ಬಗೆಯದು — ಗೆಳೆಯರ ಮಾತಿನ ಮಟ್ಟಿಗೆ ಈ ಅಳತೆ ಸಾಕು.

## ಹಂತ 5: ‘ನನಗೆ ಗೆಳೆಯರಿದ್ದಾರೆ’

ಇದಕ್ಕೆ ಕ್ರಿಯಾಪದ ತೆಂಗೊ: ತೆಂಗೊ ಉನ್ ಅಮೀಗೊ ಎನ್ ಮದ್ರಿದ್. ‘ನನಗೆ’ ಎಂಬ ಚತುರ್ಥಿಯನ್ನು ಅನುಕರಿಸಿ ‘ಮೆ ತೆಂಗೊ’ ಎನ್ನಬೇಡಿ. ‘ತೆಂಗೊ’ದಲ್ಲೇ ‘ನಾನು’ ಅಡಗಿದೆ. ಇಲ್ಲ ಎನ್ನಲು: ನೊ ತೆಂಗೊ ಅಮೀಗೊಸ್ ಆಕಿ (ನನಗೆ ಇಲ್ಲಿ ಗೆಳೆಯರಿಲ್ಲ). ‘ಸೊಮೊಸ್ ಅಮೀಗೊಸ್’ನಲ್ಲಿದ್ದಂತೆ ಇಲ್ಲೂ ಬಹುವಚನ ಬರಿಗೈಯಲ್ಲಿ, ಕಾವಲುಪದವಿಲ್ಲದೆ ಬರುತ್ತದೆ.

## ಹಂತ 6: ‘ರವಿಯ ಗೆಳೆಯ’ನನ್ನು ತಿರುಗಿಸಿ

ಕನ್ನಡದಲ್ಲಿ ರವಿ ಮೊದಲು, ಗೆಳೆಯ ಆಮೇಲೆ. ಸ್ಪ್ಯಾನಿಷ್‌ನಲ್ಲಿ ಗೆಳೆಯ ಮೊದಲು, ನಡುವೆ ‘ದೆ’, ರವಿ ಆಮೇಲೆ: ಎಲ್ ಅಮೀಗೊ ದೆ ರವಿ. ‘ದೆ’ ಆದಮೇಲೆ ‘ಎಲ್’ ಬಂದರೆ ಸೇರಿ ‘ದೆಲ್’ ಆಗುತ್ತದೆ: ಎಲ್ ಅಮೀಗೊ ದೆಲ್ ಪ್ರೊಫೆಸೊರ್. ‘ಲಾ’ ಜೊತೆ ಸೇರುವುದಿಲ್ಲ.

‘ಸು ಅಮೀಗೊ’ ಎಂಬುದು ಅವನ, ಅವಳ, ಅವರ, ನಿಮ್ಮ ಗೆಳೆಯ ಎಲ್ಲವೂ ಆಗಬಹುದು. ಗೊಂದಲವಾಗುವ ಕಡೆ ಎಲ್ ಅಮೀಗೊ ದೆ ಎಯಾ (ಅವಳ ಗೆಳೆಯ) ಎಂದು ಬಿಡಿಸಿ ಹೇಳಿ.

ಇದೇ ತಿರುಗಾಟ ದೊಡ್ಡ ವಿಶೇಷಣಗಳಿಗೂ ಬೇಕು. ‘ಬೆಂಗಳೂರಿನಲ್ಲಿ ಇರುವ ಗೆಳೆಯ’ ಎಂಬಲ್ಲಿ ‘ಇರುವ’ ಮೊದಲು ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಗೆಳೆಯನನ್ನು ಮೊದಲು ಹೇಳಿ, ‘ಕೆ’ ಹಾಕಿ, ಉಳಿದದ್ದನ್ನು ಹಿಂದೆ ಕಟ್ಟಬೇಕು: ಎಲ್ ಅಮೀಗೊ ಕೆ ಬೀಬೆ ಎನ್ ಬೆಂಗಳೂರು. ವಾಕ್ಯ ಶುರುಮಾಡಿದ ಕೂಡಲೇ ಊರಿನ ಹೆಸರು ಬಾಯಿಗೆ ಬಂದರೆ ನಿಲ್ಲಿಸಿ; ಕನ್ನಡದ ಕ್ರಮ ಒಳಗೆ ನುಗ್ಗಿದೆ ಎಂದರ್ಥ.

## ಹಂತ 7: ‘ಅನ್ನು’ ಬಂದ ಕಡೆ ‘ಆ’

ಪಾಠಗಳಲ್ಲಿ ಎಲ್ಲರನ್ನೂ ಹೆದರಿಸುವ ಭಾಗ ಇದು. ಕನ್ನಡಿಗರು ಹೆದರಬೇಕಿಲ್ಲದ ಭಾಗವೂ ಇದೇ. ಕ್ರಿಯೆಯ ಕರ್ಮ ಒಬ್ಬ ನಿರ್ದಿಷ್ಟ ಮನುಷ್ಯನಾದರೆ ಸ್ಪ್ಯಾನಿಷ್ ಅದರ ಮುಂದೆ ‘ಆ’ ಹಾಕುತ್ತದೆ. ವಸ್ತುವಾದರೆ ಹಾಕುವುದಿಲ್ಲ.

ಕನ್ನಡವನ್ನೇ ನೋಡಿ. ‘ಪುಸ್ತಕ ನೋಡಿದೆ’ ಸರಿ, ‘ಅನ್ನು’ ಬೇಕಾಗಿಲ್ಲ. ‘ಗೆಳೆಯ ನೋಡಿದೆ’ ಎಂದರೆ ಕಿವಿಗೆ ಚುಚ್ಚುತ್ತದೆ. ‘ಗೆಳೆಯನನ್ನು ನೋಡಿದೆ’ ಆಗಲೇಬೇಕು. ಸ್ಪ್ಯಾನಿಷ್‌ನಲ್ಲೂ ಹಾಗೆಯೇ: ಬಿ ಉನ್ ಲಿಬ್ರೊ (ಪುಸ್ತಕ ನೋಡಿದೆ), ಬಿ ಆ ಮಿ ಅಮೀಗೊ (ಗೆಳೆಯನನ್ನು ನೋಡಿದೆ). ಇಂಗ್ಲಿಷ್‌ನಲ್ಲಿ ಈ ಭೇದವೇ ಇಲ್ಲ. ಇಂಗ್ಲಿಷ್ ಮೂಲಕ ಯೋಚಿಸಿದಾಗಲೇ ಈ ‘ಆ’ ಬಿದ್ದುಹೋಗುವುದು.

ಮೂರು ಎಚ್ಚರಿಕೆ. ‘ಆ’ ಆದಮೇಲೆ ‘ಎಲ್’ ಬಂದರೆ ಎರಡೂ ಸೇರಿ ‘ಆಲ್’: ಕೊನೊಸ್ಕೊ ಆಲ್ ಅಮೀಗೊ ದೆ ರವಿ (ರವಿಯ ಗೆಳೆಯನನ್ನು ಬಲ್ಲೆ). ‘ತೆಂಗೊ’ ಜೊತೆ ‘ಆ’ ಬೇಡ: ತೆಂಗೊ ಉನ್ ಅಮೀಗೊ ಅಷ್ಟೇ. ಯಾರೆಂದು ಗೊತ್ತಿಲ್ಲದ, ಇನ್ನೂ ಸಿಗದ ಮನುಷ್ಯನಾದರೂ ಬೇಡ: ಬುಸ್ಕೊ ಉನ್ ಅಮೀಗೊ (ಗೆಳೆಯನೊಬ್ಬ ಬೇಕು, ಯಾರಾದರೂ ಸರಿ), ಬುಸ್ಕೊ ಆ ಉನ್ ಅಮೀಗೊ (ಒಬ್ಬ ಗೆಳೆಯನನ್ನು ಹುಡುಕುತ್ತಿದ್ದೇನೆ, ಇಲ್ಲೇ ಎಲ್ಲೋ ಇದ್ದ).

‘ನಿನ್ನ ಗೆಳೆಯ ನನಗೆ ಗೊತ್ತು’ ಎನ್ನುವಾಗ ಇನ್ನೊಂದು ಆಯ್ಕೆ ಎದುರಾಗುತ್ತದೆ. ಕನ್ನಡದ ‘ಗೊತ್ತು’ ವಿಷಯಕ್ಕೂ ಮನುಷ್ಯರಿಗೂ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ವಿಷಯ ತಿಳಿದಿದ್ದರೆ ‘ಸೆ’, ಮನುಷ್ಯರ ಪರಿಚಯವಿದ್ದರೆ ‘ಕೊನೊಸ್ಕೊ’: ಕೊನೊಸ್ಕೊ ಆ ತು ಅಮೀಗೊ. ಭೂತಕಾಲದ ‘ಕೊನೊಸಿ’ ಎಂದರೆ ಮೊದಲ ಸಲ ಪರಿಚಯವಾಯಿತು ಎಂದು: ಕೊನೊಸಿ ಆ ಮಿ ಅಮೀಗಾ ಎನ್ ಎಲ್ ಕೊಲೆಹ್ಯೊ (ಗೆಳತಿಯ ಪರಿಚಯವಾದದ್ದು ಶಾಲೆಯಲ್ಲಿ). ‘ಕೊಲೆಹ್ಯೊ’ ಎಂದರೆ ಶಾಲೆ, ಕಾಲೇಜಲ್ಲ.

ಇನ್ನು ‘ಗೆ’. ‘ಗೆಳತಿಗೆ ಪುಸ್ತಕ ಕೊಟ್ಟೆ’ ಎನ್ನಲೂ ಇದೇ ‘ಆ’ ಸಾಕು, ಆದರೆ ಕ್ರಿಯಾಪದದ ಮುಂದೆ ‘ಲೆ’ ಎಂಬ ಒಂದು ಗುರುತೂ ಬರುತ್ತದೆ: ಲೆ ದಿ ಎಲ್ ಲಿಬ್ರೊ ಆ ಮಿ ಅಮೀಗಾ. ಬಹುವಚನಕ್ಕೆ ‘ಲೆಸ್’. ‘ನನ್ನ ಗೆಳೆಯನಿಗೆ ಕಾಫಿ ಇಷ್ಟ’ ಎಂಬುದಂತೂ ಅಚ್ಚು ಕನ್ನಡದ ಎರಕ: ಆ ಮಿ ಅಮೀಗೊ ಲೆ ಗುಸ್ತಾ ಎಲ್ ಕಫೆ. ಗೆಳೆಯ-ನಿಗೆ, ಇಷ್ಟ, ಕಾಫಿ. ‘ಮಿ ಅಮೀಗೊ ಗುಸ್ತಾ ಕಫೆ’ ಎಂದು ಬಾಯಿಗೆ ಬಂದರೆ ಇಂಗ್ಲಿಷ್ ಬದಿಗಿಟ್ಟು ಮತ್ತೆ ಕನ್ನಡದಿಂದ ಶುರುಮಾಡಿ.

ಅಭ್ಯಾಸ: ನೋಡಿದೆ, ಕಾಯುತ್ತಿದ್ದೇನೆ, ಕರೆಯುತ್ತೇನೆ, ಬಲ್ಲೆ, ಸಹಾಯ ಮಾಡುತ್ತೇನೆ — ಕ್ರಮವಾಗಿ ಬಿ, ಎಸ್ಪೆರೊ, ಯಾಮೊ, ಕೊನೊಸ್ಕೊ, ಅಯೂದೊ. ಈ ಐದಕ್ಕೂ ‘ಆ ಮಿ ಅಮೀಗೊ’ ಮತ್ತು ‘ಆ ಮಿಸ್ ಅಮೀಗಾಸ್’ ಸೇರಿಸಿದರೆ ಹತ್ತು ವಾಕ್ಯ. ದಿನಕ್ಕೆ ಎರಡು ಸಲ, ನೋಡದೆ, ಗಟ್ಟಿಯಾಗಿ ಹೇಳಿ. ಒಂದು ವಾರ ಬೇರೇನೂ ಮಾಡದಿದ್ದರೂ ಪರವಾಗಿಲ್ಲ.

## ಹಂತ 8: ಒಳ್ಳೆಯ, ಹಳೆಯ, ಜೀವದ

ಕನ್ನಡದ ‘ಒಳ್ಳೆಯ’ ಯಾರಿಗೂ ಬದಲಾಗುವುದಿಲ್ಲ. ಸ್ಪ್ಯಾನಿಷ್ ವಿಶೇಷಣ ಗೆಳೆಯನನ್ನು ನೋಡಿಕೊಂಡು ಬದಲಾಗುತ್ತದೆ. ಈ ನಾಲ್ಕು ಸಾಲನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ: ಮಿ ಅಮೀಗೊ ಎಸ್ ಆಲ್ತೊ, ಮಿ ಅಮೀಗಾ ಎಸ್ ಆಲ್ತಾ, ಮಿಸ್ ಅಮೀಗೊಸ್ ಸೊನ್ ಆಲ್ತೊಸ್, ಮಿಸ್ ಅಮೀಗಾಸ್ ಸೊನ್ ಆಲ್ತಾಸ್ (ಎತ್ತರದವರು). ಸಾಲಿನಿಂದ ಸಾಲಿಗೆ ಏನೇನು ಬದಲಾಯಿತು ಎಂದು ಬೆರಳಿಟ್ಟು ತೋರಿಸಿಕೊಳ್ಳಿ.

‘ಒಳ್ಳೆಯ’ ಎನ್ನುವ ಬ್ವೆನೊ ಪುಲ್ಲಿಂಗ ಏಕವಚನದ ಮುಂದೆ ಬಾಲ ಕಳೆದುಕೊಳ್ಳುತ್ತದೆ: ಉನ್ ಬ್ವೆನ್ ಅಮೀಗೊ, ಆದರೆ ಉನಾ ಬ್ವೆನಾ ಅಮೀಗಾ. ‘ಅತ್ಯಂತ ಆಪ್ತ’ ಎನ್ನಲು ಮೆಹೊರ್ ಮುಂದೆಯೇ ಬರಬೇಕು: ಮಿ ಮೆಹೊರ್ ಅಮೀಗಾ.

ಕೆಲವು ವಿಶೇಷಣಗಳು ಜಾಗ ಬದಲಾಯಿಸಿದರೆ ಅರ್ಥವೇ ಬೇರೆ. ಉನ್ ಬ್ಯೆಹೊ ಅಮೀಗೊ — ಬಹುಕಾಲದ ಗೆಳೆಯ, ವಯಸ್ಸು ಇಪ್ಪತ್ತೇ ಇರಬಹುದು. ಉನ್ ಅಮೀಗೊ ಬ್ಯೆಹೊ — ಮುದುಕನಾದ ಗೆಳೆಯ. ಉನ್ ಗ್ರಾನ್ ಅಮೀಗೊ ಎಂದರೆ ಬಹಳ ಒಳ್ಳೆಯ ಗೆಳೆಯ, ಉನ್ ಅಮೀಗೊ ಗ್ರಾಂದೆ ಎಂದರೆ ದೊಡ್ಡ ಆಳು. ಹುಟ್ಟುಹಬ್ಬದ ಶುಭಾಶಯದಲ್ಲಿ ಹಳೆಯ ಗೆಳತಿಗೆ ‘ಮಿ ಅಮೀಗಾ ಬ್ಯೆಹಾ’ ಎಂದು ಬರೆಯುವ ಮೊದಲು ಇನ್ನೊಮ್ಮೆ ಓದಿಕೊಳ್ಳಿ.

ತುಂಬ ಆಪ್ತರು ಎನ್ನಲು ‘ಸೊಮೊಸ್ ಮುಯ್ ಅಮೀಗೊಸ್’ ಎನ್ನಬಹುದು; ಇಲ್ಲಿ ಅಮೀಗೊ ತಾನೇ ವಿಶೇಷಣವಾಗಿದೆ. ಬಾಲ್ಯದ ಗೆಳೆಯ: ಅಮೀಗೊ ದೆ ಲಾ ಇನ್ಫಾನ್ಸ್ಯಾ. ಜೀವದ ಗೆಳೆಯ: ಅಮೀಗೊ ದೆಲ್ ಆಲ್ಮಾ.

ಗೆಳೆಯ ಭಾರತದವನು ಎನ್ನಬೇಕಾದರೆ ‘ಎಸ್ ದೆ ಲಾ ಇಂದ್ಯಾ’ ಎನ್ನುವುದು ಕ್ಷೇಮ. ‘ಇಂದ್ಯೊ’ ಎಂಬುದನ್ನು ಲ್ಯಾಟಿನ್ ಅಮೆರಿಕದಲ್ಲಿ ಅಲ್ಲಿನ ಮೂಲನಿವಾಸಿ ಎಂದು ತಿಳಿಯುವ ಸಂಭವವಿದೆ.

## ಹಂತ 9: ಗೆಳೆತನ ಮಾಡುವುದು, ಭೇಟಿಯಾಗುವುದು

ಗೆಳೆಯರನ್ನು ಮಾಡಿಕೊಳ್ಳುವುದು ಅಸೆರ್ ಅಮೀಗೊಸ್. ಇಬ್ಬರು ಗೆಳೆಯರಾಗುವುದು ಅಸೆರ್ಸೆ ಅಮೀಗೊಸ್: ನೊಸ್ ಇಸೀಮೊಸ್ ಅಮೀಗೊಸ್ ಎನ್ 2019. ಇಲ್ಲೊಂದು ಸೂಕ್ಷ್ಮವಿದೆ. ‘ನಾನು ಕಾರ್ಲೊಸ್‌ನ ಗೆಳೆತನ ಮಾಡಿದೆ’ ಎಂದು ಒಬ್ಬ ಹೆಂಗಸು ಹೇಳುವಾಗ: ಮೆ ಇಸೆ ಅಮೀಗಾ ದೆ ಕಾರ್ಲೊಸ್. ಕಾರ್ಲೊಸ್ ಗಂಡಸಾದರೂ ಅಮೀಗಾ, ಏಕೆಂದರೆ ಗೆಳತಿಯಾದವಳು ಹೇಳುತ್ತಿರುವವಳು.

ಭೇಟಿಗೆ ಸ್ಪೇನಿನಲ್ಲಿ ದಿನಬಳಕೆಯ ಮಾತು ಕೆದಾರ್: ಎ ಕೆದಾದೊ ಕೊನ್ ಉನೊಸ್ ಅಮೀಗೊಸ್ (ಗೆಳೆಯರನ್ನು ಭೇಟಿಯಾಗುವುದಿದೆ). ಲ್ಯಾಟಿನ್ ಅಮೆರಿಕದಲ್ಲಿ ಇದೇ ಅರ್ಥಕ್ಕೆ ‘ಬೆರ್ಸೆ ಕೊನ್’, ‘ಹುಂತಾರ್ಸೆ ಕೊನ್’ ಹೆಚ್ಚು. ದಾರಿಯಲ್ಲಿ ಅಚಾನಕ್ ಸಿಕ್ಕರೆ: ಮೆ ಎಂಕೊಂತ್ರೆ ಕೊನ್ ಉನಾ ಅಮೀಗಾ.

ಗುಂಪಿನ ಜೊತೆ ‘ಸಾಲ್ಗೊ ಕೊನ್ ಮಿಸ್ ಅಮೀಗೊಸ್’ ಎಂದರೆ ಸುತ್ತಾಡಲು ಹೋಗುವುದು. ಒಬ್ಬರ ಹೆಸರು ಹೇಳಿ ‘ಎಸ್ತೊಯ್ ಸಲ್ಯೆಂದೊ ಕೊನ್ ಮರಿಯಾ’ ಎಂದರೆ ಪ್ರೇಮ ನಡೆಯುತ್ತಿದೆ ಎಂದೇ ತಿಳಿಯುತ್ತಾರೆ. ಪ್ರೇಮಿಗೆ ನೊಬ್ಯೊ, ನೊಬ್ಯಾ. ‘ಅಮೀಗೊ ಕೊನ್ ದೆರೆಚೊಸ್’ ಎಂಬುದನ್ನು ‘ಹಕ್ಕುಳ್ಳ ಆಪ್ತ ಗೆಳೆಯ’ ಎಂದು ಪದಶಃ ಓದಿ ಬಳಸಿಬಿಡಬೇಡಿ. ಅದು ಮದುವೆ, ಬಂಧನ ಯಾವುದೂ ಇಲ್ಲದ ದೈಹಿಕ ಸಂಬಂಧದ ಮಾತು.

ಆಫೀಸಿನಲ್ಲಿ ಪಕ್ಕದ ಕುರ್ಚಿಯವರನ್ನೂ ‘ಫ್ರೆಂಡ್’ ಎನ್ನುವ ರೂಢಿ ನಮ್ಮದು. ಸ್ಪ್ಯಾನಿಷ್‌ನಲ್ಲಿ ಅವರು ಕೊಂಪನ್ಯೆರೊ ದೆ ತ್ರಬಾಹೊ, ಸಹಪಾಠಿ ಕೊಂಪನ್ಯೆರೊ ದೆ ಕ್ಲಾಸೆ, ಮುಖಪರಿಚಯ ಮಾತ್ರವಿದ್ದರೆ ಉನ್ ಕೊನೊಸೀದೊ. ಎಲ್ಲರನ್ನೂ ಅಮೀಗೊ ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಎಷ್ಟು ಹತ್ತಿರದವರು ಎಂಬ ಲೆಕ್ಕ ತಪ್ಪುತ್ತದೆ.

## ಹಂತ 10: ಕರೆಯುವುದು, ಬರೆಯುವುದು

ಎದುರಿಗೇ ಕರೆಯುವಾಗ ಕಾವಲುಪದ ಬೇಡ: ಓಲಾ, ಅಮೀಗೊ. ಗ್ರಾಸ್ಯಾಸ್, ಅಮೀಗಾಸ್. ಬರೆಯುವಾಗ ನಡುವಿನ ಅಲ್ಪವಿರಾಮ ಕಡ್ಡಾಯ. ಪತ್ರ, ಇಮೇಲ್‌ನ ಆರಂಭದಲ್ಲಿ ‘ಕೆರೀದಾ ಅಮೀಗಾ’ ಆದ ಮೇಲೆ ಅಲ್ಪವಿರಾಮವಲ್ಲ, ಎರಡು ಚುಕ್ಕೆಯ ವಿವರಣ ಚಿಹ್ನೆ ಹಾಕಿ, ಮುಂದಿನ ಸಾಲನ್ನು ದೊಡ್ಡಕ್ಷರದಿಂದ ಶುರುಮಾಡಿ.

ಅಪರಿಚಿತರನ್ನು ಅಮೀಗೊ ಎನ್ನಬಹುದೇ? ಮೆಕ್ಸಿಕೊದ ಸಂತೆಯಲ್ಲಿ ಅಂಗಡಿಯವರೇ ಹಾಗೆ ಕರೆಯುತ್ತಾರೆ. ಸ್ಪೇನಿನಲ್ಲಿ ಹೋಟೆಲ್ ಮಾಣಿಗೆ ಹಾಗೆಂದರೆ ಸಲಿಗೆ ಅತಿಯಾಯಿತು ಅನಿಸಬಹುದು. ‘ಅಣ್ಣಾ’, ‘ಬಾಸ್’ ಎಂದು ಯಾರನ್ನಾದರೂ ಕರೆದು ಅಭ್ಯಾಸವಿರುವ ನಮಗೆ ‘ದಿಸ್ಕುಲ್ಪೆ’ (ಕ್ಷಮಿಸಿ, ಸ್ವಲ್ಪ ಕೇಳಿ) ಎಲ್ಲ ಕಡೆಯೂ ನಡೆಯುವ ಸುರಕ್ಷಿತ ಮಾತು.

ಬೆಂಗಳೂರಿನ ಹುಡುಗರ ‘ಮಗಾ’ ಇದ್ದಂತೆ ಪ್ರತಿ ದೇಶಕ್ಕೂ ತನ್ನದೇ ಕರೆ ಇದೆ: ಸ್ಪೇನಿನಲ್ಲಿ ತೀಒ, ಮೆಕ್ಸಿಕೊದಲ್ಲಿ ಗ್ವೆಯ್, ಕೊಲಂಬಿಯಾದಲ್ಲಿ ಪಾರ್ಸೆ, ವೆನೆಜುವೆಲಾದಲ್ಲಿ ಪಾನಾ, ಅರ್ಜೆಂಟೀನಾದಲ್ಲಿ ಬೊಲೂದೊ. ಗ್ವೆಯ್, ಬೊಲೂದೊ ಎರಡೂ ಆಪ್ತರಲ್ಲಿ ಪ್ರೀತಿ, ಹೊರಗಿನವರಿಗೆ ಬೈಗುಳ. ಅವರಾಗಿ ನಿಮ್ಮನ್ನು ಹಾಗೆ ಕರೆಯುವವರೆಗೆ ನಿಮ್ಮ ಬಾಯಲ್ಲಿ ಬೇಡ.

## ಎಲ್ಲಿ ಕೈಕೊಟ್ಟಿದೆ ಎಂದು ತಿಳಿಯುವುದು ಹೇಗೆ

ಎದುರಿನವರ ಮರುಪ್ರಶ್ನೆಯೇ ರೋಗಲಕ್ಷಣ. ‘ಕ್ಯೆನ್?’ (ಯಾರು?) ಎಂದು ಪದೇ ಪದೇ ಕೇಳಿದರೆ ‘ಮಿ’, ‘ಸು’ಗಳಲ್ಲಿ ತಪ್ಪಿದೆ, ಅಥವಾ ಹೊಸಬರನ್ನು ‘ಉನ್’ ಇಲ್ಲದೆ ತಂದಿದ್ದೀರಿ. ‘ಕ್ವಾಂತೊಸ್?’ (ಎಷ್ಟು ಜನ?) ಎಂದರೆ ಗೌರವ ಬಹುವಚನ ನುಸುಳಿದೆ. ನಗುತ್ತಾ ‘ತು ನೊಬ್ಯೊ?’ ಎಂದರೆ ಒಂಬತ್ತನೇ ಹಂತಕ್ಕೆ ಹಿಂದಿರುಗಿ.

## ಕೊನೆಯ ಪರೀಕ್ಷೆ

ಉತ್ತರವನ್ನು ಮುಚ್ಚಿಟ್ಟು, ಪ್ರತಿ ವಾಕ್ಯಕ್ಕೆ ಐದು ಸೆಕೆಂಡಿನೊಳಗೆ ಬಾಯಿಬಿಟ್ಟು ಹೇಳಿ. ಬರೆದರೆ ಲೆಕ್ಕಕ್ಕಿಲ್ಲ.

1. ಅನಿತಾ ನನ್ನ ಫ್ರೆಂಡ್. — ಅನಿತಾ ಎಸ್ ಮಿ ಅಮೀಗಾ.

2. ನನಗೆ ಮೈಸೂರಿನಲ್ಲಿ ಇಬ್ಬರು ಗೆಳೆಯರಿದ್ದಾರೆ. — ತೆಂಗೊ ದೊಸ್ ಅಮೀಗೊಸ್ ಎನ್ ಮೈಸೂರು.

3. ರವಿಯ ಗೆಳತಿಯರು ನಾಳೆ ಬರುತ್ತಾರೆ. — ಲಾಸ್ ಅಮೀಗಾಸ್ ದೆ ರವಿ ಬ್ಯೆನೆನ್ ಮನ್ಯಾನಾ.

4. ನನ್ನ ಗೆಳತಿಗೆ ಟೀ ಇಷ್ಟವಿಲ್ಲ. — ಆ ಮಿ ಅಮೀಗಾ ನೊ ಲೆ ಗುಸ್ತಾ ಎಲ್ ತೆ. ‘ನೊ’ ಜಾಗ ‘ಲೆ’ಗಿಂತ ಮುಂದೆ.

5. ಇವರು (ಹಿರಿಯರೊಬ್ಬರು) ನಮ್ಮ ಸ್ನೇಹಿತರು. — ನಿಮ್ಮೊಬ್ಬರ ಸ್ನೇಹಿತರಾದರೆ ಎಸ್ ಮಿ ಅಮೀಗೊ.

6. ಚೆನ್ನೈನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. — ಯಮೆ ಆ ಉನ್ ಅಮೀಗೊ ಕೆ ತ್ರಬಾಹಾ ಎನ್ ಚೆನ್ನೈ. ಕನ್ನಡದಲ್ಲಿ ಮೊದಲಿದ್ದ ಚೆನ್ನೈ ಇಲ್ಲಿ ಕೊನೆಗೆ ಹೋಯಿತು, ಕೊನೆಯಲ್ಲಿದ್ದ ಫೋನ್ ಮೊದಲು ಬಂತು. ಇದೊಂದು ಐದು ಸೆಕೆಂಡಿನಲ್ಲಿ ಬರದಿದ್ದರೆ ಆರು ಮತ್ತು ಏಳನೇ ಹಂತಗಳಿಗೆ ಇನ್ನೊಂದು ವಾರ ಕೊಡಿ.